ಮೂವತ್ತನಾಲ್ಕು ರೇವುಗಳ ದಾರಿ

ಭೂಪಟದಲ್ಲಿ ನಾರ್ವೆ ದೇಶವನ್ನು ಹುಡುಕಿ ನೋಡಿದವರಿಗೆ ಮೊದಲು ಕಾಣುವುದು ಅದರ ಹರಿದ ಅಂಚು. ಹಳೆಯ ಕಂಬಳಿಯ ಅಂಚನ್ನು ಇಲಿ ಕಡಿದಂತೆ ಆ ನಾಡಿನ ಪಡುವಣ ತೀರ ಉದ್ದಕ್ಕೂ ಸೀಳುಸೀಳಾಗಿದೆ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟಗಳನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿದುವು. ಹಿಮ ಕರಗಿದ ಮೇಲೆ ಕಡಲು ಆ ಕಣಿವೆಗಳೊಳಕ್ಕೆ ನುಗ್ಗಿ ನಿಂತಿತು. ಈ ಕಡಲ ತೋಳುಗಳನ್ನು ಫಿಯೋರ್ಡ್ ಎಂದು ಕರೆಯುತ್ತಾರೆ. ದ್ವೀಪಗಳ ಅಂಚನ್ನೂ ಫಿಯೋರ್ಡುಗಳ ಅಂಚನ್ನೂ ಸೇರಿಸಿ ಅಳೆದರೆ ನಾರ್ವೆಯ ಕಡಲತೀರ ಸುಮಾರು ಒಂದು ಲಕ್ಷ ಕಿಲೋಮೀಟರ್ ಆಗುತ್ತದೆ. ಆದರೆ ಉಳುವುದಕ್ಕೆ ಯೋಗ್ಯವಾದ ನೆಲ ನೂರರಲ್ಲಿ ಮೂರು ಪಾಲು ಮಾತ್ರ. ಬೆಟ್ಟ ಬೆನ್ನಿಗೆ, ಕಡಲು ಎದುರಿಗೆ. ನಡುವೆ ಸಿಕ್ಕಿದ ಚಾಚು ನೆಲದ ಮೇಲೆ ಜನ ಮನೆ ಕಟ್ಟಿಕೊಂಡರು. ಇಂತಹ ನಾಡಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಕಡಲೇ ರಾಜಮಾರ್ಗ. ಆ ಮಾರ್ಗದಲ್ಲಿ ನೂರಮೂವತ್ತು ವರ್ಷಗಳಿಗೂ ಮೀರಿ ಸಂಚರಿಸುತ್ತಿರುವ ಹಡಗುಗಳ ಕಥೆ ಇದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ನಡುಭಾಗದ ಟ್ರೊಂಡ್‌ಹೈಮ್ ನಗರದಿಂದ ಬಡಗಣ ತುದಿಯ ಹ್ಯಾಮರ್‌ಫೆಸ್ಟ್ ಎಂಬ ಊರಿಗೆ ಒಂದು ಕಾಗದ ತಲುಪಬೇಕಾದರೆ ಬೇಸಗೆಯಲ್ಲಿ ಮೂರು ವಾರ ಬೇಕಾಗುತ್ತಿತ್ತು. ಚಳಿಗಾಲದಲ್ಲಿ ಐದು ತಿಂಗಳು ಹಿಡಿದರೂ ಹಿಡಿಯಬಹುದಾಗಿತ್ತು. ದಕ್ಷಿಣದಲ್ಲಿ ಓದಲು ಹೋದ ಮಗನ ಕ್ಷೇಮಸಮಾಚಾರ ತಾಯಿಗೆ ತಿಳಿಯುವ ಹೊತ್ತಿಗೆ ಋತುವೇ ಬದಲಾಗಿರುತ್ತಿತ್ತು. ಮೀನಿನ ಬೆಲೆ ಏರಿದೆಯೋ ಇಳಿದಿದೆಯೋ ಎಂಬುದು ಬೆಸ್ತನಿಗೆ ತಿಳಿಯುತ್ತಿರಲಿಲ್ಲ. ತಿಳಿದದ್ದು ವ್ಯಾಪಾರಿಗೆ ಮಾತ್ರ. ದೂರದೂರುಗಳ ಬಡತನಕ್ಕೆ ಈ ಅಜ್ಞಾತವಾಸವೂ ಒಂದು ಕಾರಣವಾಗಿತ್ತೆಂದರೆ ತಪ್ಪಾಗಲಾರದು.

ಉಗಿಹಡಗುಗಳು ಆ ವೇಳೆಗೆ ಇರಲಿಲ್ಲವೆಂದಲ್ಲ. ಆದರೆ ಅವು ಬೇಸಗೆಯ ಬೆಳಕಿನಲ್ಲಿ ಮಾತ್ರ ಓಡುತ್ತಿದ್ದುವು. ರಾತ್ರಿಯಾದರೆ ಲಂಗರು ಹಾಕುತ್ತಿದ್ದುವು. ನೀರಿನ ಮಟ್ಟದಲ್ಲಿಯೇ ಅಡಗಿರುವ ಬಂಡೆಗಳು, ಸಾವಿರಾರು ನಡುಗಡ್ಡೆಗಳು, ಮಂಜು, ಬಿರುಗಾಳಿ, ಇವುಗಳ ನಡುವೆ ಕತ್ತಲಲ್ಲಿ ಹಡಗು ನಡೆಸುವುದು ಹುಚ್ಚುತನವೆಂದು ನಾವಿಕರು ಭಾವಿಸಿದ್ದರು. ಟ್ರೊಂಡ್‌ಹೈಮಿನಿಂದ ಉತ್ತರಕ್ಕೆ ಅಂದು ಇದ್ದ ದೀಪಸ್ತಂಭಗಳು 28. ನಂಬತಕ್ಕ ಕಡಲ ನಕ್ಷೆಗಳು ಎರಡೇ. ವರ್ಷದುದ್ದಕ್ಕೂ ವಾರಕ್ಕೊಮ್ಮೆ ಅಂಚೆಯನ್ನು ಒಯ್ಯುವ ಹಡಗೊಂದು ಬೇಕೆಂದು ಸರ್ಕಾರ ಬಯಸಿದಾಗ ದೊಡ್ಡ ಹಡಗು ಕಂಪನಿಗಳು ಒಪ್ಪಲಿಲ್ಲ. ಚಳಿಗಾಲದ ಕತ್ತಲಲ್ಲಿ ಅದು ಆಗದ ಮಾತೆಂದು ಕೈಚೆಲ್ಲಿದುವು.

ಒಪ್ಪಿಕೊಂಡವನು ರಿಚರ್ಡ್ ವಿತ್. ಉತ್ತರ ನಾರ್ವೆಯ ಸ್ಟೋಕ್‌ಮಾರ್ಕ್‌ನೆಸ್ ಎಂಬ ಸಣ್ಣ ಊರಿನಲ್ಲಿ ಚಿಕ್ಕದೊಂದು ಹಡಗು ಕಂಪನಿಯನ್ನು ನಡೆಸುತ್ತಿದ್ದ ಈತ ಮಾತಿನ ಧೈರ್ಯದಿಂದ ಒಪ್ಪಿಕೊಂಡವನಲ್ಲ. ಅವನೂ ಅವನ ಮಾರ್ಗದರ್ಶಿ ನಾವಿಕ ಆಂಡರ್ಸ್ ಹೋಲ್ಟೆಯೂ ಕೆಲವು ಕಾಲದಿಂದ ಒಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದರು. ಇಂತಹ ಬಂಡೆಯಿಂದ ಇಂತಹ ದ್ವೀಪಕ್ಕೆ ದಿಕ್ಸೂಚಿಯ ಮುಳ್ಳು ಯಾವ ಕಡೆಗಿರಬೇಕು, ಹಡಗಿನ ವೇಗ ಎಷ್ಟಿರಬೇಕು, ಎಷ್ಟು ನಿಮಿಷಗಳ ಮೇಲೆ ತಿರುಗಬೇಕು ಎಂಬುದನ್ನು ಪ್ರತಿ ಸಲವೂ ಗುರುತು ಹಾಕಿ ಇಡುತ್ತಿದ್ದರು. ಕಣ್ಣಿಗೆ ದಾರಿ ಕಾಣದಿದ್ದರೂ ಗಡಿಯಾರವೂ ದಿಕ್ಸೂಚಿಯೂ ದಾರಿ ತೋರುವಂತೆ ಅವರ ಟಿಪ್ಪಣಿಗಳು ಬೆಳೆದುವು. ಸರ್ಕಾರದೊಡನೆ ಕರಾರಾದ ಮೇಲೆ, 1893ನೆಯ ಇಸವಿ ಜುಲೈ 2ರಂದು ‘ವೆಸ್ಟೆರೋಲೆನ್’ ಎಂಬ ಉಗಿಹಡಗು ಟ್ರೊಂಡ್‌ಹೈಮಿನಿಂದ ಹೊರಟಿತು. ಜುಲೈ 5ರಂದು ಹ್ಯಾಮರ್‌ಫೆಸ್ಟನ್ನು ಮುಟ್ಟಿತು. ವಾರಗಳ, ತಿಂಗಳುಗಳ ದಾರಿ ಮೂರು ದಿನಗಳಿಗೆ ಇಳಿಯಿತು. ಆ ದಾರಿಗೆ ಜನ ‘ಹುರ್ಟಿಗ್ರೂಟೆನ್’ ಎಂದು ಹೆಸರಿಟ್ಟರು. ವೇಗದ ಮಾರ್ಗ ಎಂದು ಅದರ ಅರ್ಥ.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಇನ್ನೊಂದು ಬಗೆಯ ಕಡಲಯಾನವೂ ಹುಟ್ಟಿತು. ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್ ಎಂಬ ಹಡಗು ವ್ಯವಹಾರಸ್ಥನಿಗೆ ಒಂದು ಚಿಂತೆಯಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಪ್ರಯಾಣಿಕರು ಕಡಿಮೆ. ದೊಡ್ಡ ಹಡಗುಗಳು ಕೆಲಸವಿಲ್ಲದೆ ನಿಂತಿರುತ್ತಿದ್ದುವು. ನಿಂತ ಹಡಗಿನಲ್ಲಿ ಸಿರಿವಂತರನ್ನು ಕೂರಿಸಿಕೊಂಡು ಬೆಚ್ಚಗಿನ ಮೆಡಿಟರೇನಿಯನ್ ಕಡಲನ್ನು ಸುತ್ತಿಸಿದರೇನು ಎಂದು ಅವನು ಯೋಚಿಸಿದ. 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯ’ ಎಂಬ ಹಡಗು 241 ಜನರನ್ನು ಹೊತ್ತು ಎರಡು ತಿಂಗಳ ವಿಹಾರಕ್ಕೆ ಹೊರಟಿತು. ಇಂದಿನ ವಿಹಾರನೌಕೆಗಳ ವಂಶ ಬಹುಮಟ್ಟಿಗೆ ಅಲ್ಲಿಂದ ಬೆಳೆಯಿತೆನ್ನಬಹುದು. ಆ ವಂಶದ ಈಗಿನ ಕುಡಿಗಳಲ್ಲಿ ಒಂದಾದ, 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಇಪ್ಪತ್ತು ಅಂತಸ್ತುಗಳ ಹಡಗು. ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಅದರಲ್ಲಿ ಹಿಡಿಯುತ್ತಾರೆ.

ಎರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಈ ಎರಡು ಯಾನಗಳಿಗೂ ಮೂಲದಲ್ಲಿಯೇ ಒಂದು ಭೇದವಿದೆ. ಒಂದು, ಊರನ್ನು ನೋಡಬೇಕೆಂಬವರಿಗಾಗಿ ಹೊರಟಿತು. ಇನ್ನೊಂದು, ಊರಿಗೆ ಬೇಕಾಗಿ ಹೊರಟಿತು. ಇಂದು ನಾರ್ವೆಯ ಕರಾವಳಿ ಹಡಗಿನಲ್ಲಿಯೂ ದೂರದೇಶದ ಪ್ರವಾಸಿಗರು ತುಂಬಿರುತ್ತಾರೆ. ಅವರು ಕೊಡುವ ಹಣವಿಲ್ಲದೆ ಆ ಹಡಗುಗಳು ನಡೆಯುವುದೂ ಕಷ್ಟವೇ. ಹಾಗಿದ್ದರೂ ಹಡಗಿನ ಪಕ್ಕದ ಬಾಗಿಲು ತೆರೆದು ಪೆಟ್ಟಿಗೆ, ಮೂಟೆ, ಯಂತ್ರದ ಬಿಡಿಭಾಗ, ಮೀನಿನ ಸರಕು ಏರಿ ಇಳಿಯುತ್ತವೆ. ಪಕ್ಕದೂರಿಗೆ ಹೋಗುವವರು ಬಸ್ಸು ಹತ್ತುವಂತೆ ಅದನ್ನು ಹತ್ತುತ್ತಾರೆ. ರೈಲುಮಾರ್ಗ 1962ರಲ್ಲಿ ಬೋಡೊ ನಗರವನ್ನು ಮುಟ್ಟಿ ಅಲ್ಲಿಗೇ ನಿಂತಿತು. ಅಲ್ಲಿಂದಾಚೆಯ ತೀರದಲ್ಲಿ ರಸ್ತೆಯೂ ವಿಮಾನವೂ ಬಂದಿವೆ, ನಿಜ. ಆದರೆ ಚಳಿಗಾಲದ ಹಿಮಪಾತದಲ್ಲಿ ಬೆಟ್ಟದ ರಸ್ತೆ ಮುಚ್ಚಿದ ದಿನ ಹಡಗಿನ ಬೆಲೆ ಗೊತ್ತಾಗುತ್ತದೆ.

ಈಗ ಈ ದಾರಿ ದಕ್ಷಿಣದ ಬರ್ಗೆನ್ ನಗರದಿಂದ ರಷ್ಯದ ಗಡಿಯ ಹತ್ತಿರವಿರುವ ಕಿರ್ಕೆನೆಸ್‌ವರೆಗೆ ಹಬ್ಬಿದೆ. ನಡುವೆ ನಿಲ್ಲುವ ತಾಣಗಳೂ ಸೇರಿ 34 ರೇವುಗಳು. ಹೋಗಿ ಬರುವ ದೂರ ಸುಮಾರು 4,600 ಕಿಲೋಮೀಟರ್. ಹಿಡಿಯುವ ಕಾಲ ಹನ್ನೆರಡು ದಿನ. 2021ರಿಂದ ಎರಡು ಕಂಪನಿಗಳು ಸರ್ಕಾರದ ಕರಾರಿನ ಮೇಲೆ ಹನ್ನೊಂದು ಹಡಗುಗಳಿಂದ ಈ ಸೇವೆಯನ್ನು ನಡೆಸುತ್ತಿವೆ. ಕೆಲವು ರೇವುಗಳಲ್ಲಿ ಹಡಗು ಮೂರು ನಾಲ್ಕು ಗಂಟೆ ನಿಲ್ಲುತ್ತದೆ. ಕೆಲವೆಡೆ ಕಾಲುಗಂಟೆ ಅಷ್ಟೆ.

ಬರ್ಗೆನ್ ಮಳೆಯ ಊರು. ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಅಲ್ಲಿ ಮಳೆ ಬೀಳುತ್ತದೆಯೆಂದರೆ ನಮ್ಮ ಮಲೆನಾಡಿನವರು ಆ ಊರನ್ನು ನೆಂಟರ ಊರೆಂದೇ ತಿಳಿಯಬಹುದು. ಅದರ ಹಳೆಯ ಹಡಗುಕಟ್ಟೆಯ ಉದ್ದಕ್ಕೂ ಇಕ್ಕಟ್ಟಾಗಿ ಒಂದನ್ನೊಂದು ಒತ್ತಿಕೊಂಡು ಮರದ ಮನೆಗಳು ನಿಂತಿವೆ. ಈ ಭಾಗಕ್ಕೆ ಬ್ರಿಗ್ಗೆನ್ ಎಂದು ಹೆಸರು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. ಹದಿನಾಲ್ಕನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಹ್ಯಾನ್ಸ ಎಂಬ ಜರ್ಮನ್ ವರ್ತಕರ ಕೂಟ ಇಲ್ಲಿ ನೆಲೆಸಿ ಉತ್ತರದ ಮೀನನ್ನು ಕೊಂಡು ದಕ್ಷಿಣದ ಧಾನ್ಯವನ್ನು ಮಾರುತ್ತಿತ್ತು. ಇಲ್ಲಿನ ವರ್ತಕರೂ ಅವರ ಕೈಕೆಳಗಿನ ಹುಡುಗರೂ ಮದುವೆಯಾಗುವಂತಿರಲಿಲ್ಲ. ಬೆಂಕಿಯ ಭಯದಿಂದ ಆ ಮರದ ಮನೆಗಳಲ್ಲಿ ಒಲೆ ಹೊತ್ತಿಸುವಂತೆಯೂ ಇರಲಿಲ್ಲ. ಹಿಂದುಗಡೆ ಪ್ರತ್ಯೇಕವಾಗಿ ಕಟ್ಟಿದ ಕೂಟಶಾಲೆಯಲ್ಲಿ ಮಾತ್ರ ಅಡುಗೆ, ಊಟ, ಚಳಿ ಕಾಯಿಸಿಕೊಳ್ಳುವುದು. ಚಿತ್ರಗಳಲ್ಲಿ ಅಂದವಾಗಿ ಕಾಣುವ ಈ ಕೆಂಪು ಹಳದಿ ಮನೆಗಳೊಳಗೆ ಎಳೆಯ ಹುಡುಗರು ಎಷ್ಟು ಚಳಿಗಾಲಗಳನ್ನು ನಡುಗುತ್ತ ಕಳೆದರೋ! ನೋಡುವವನು ಗೋಡೆಯನ್ನು ಮಾತ್ರ ನೋಡಿ ಬಂದರೆ ಇದು ತಿಳಿಯುವುದಿಲ್ಲ.

ಬೆಂಕಿಗೆ ಹೆದರಬೇಕಾದ ಕಾರಣ ಓಲೆಸುಂದ್ ಎಂಬ ಮುಂದಿನ ರೇವಿನಲ್ಲಿ ಸಿಕ್ಕುತ್ತದೆ. 1904ರ ಜನವರಿ 23ರ ರಾತ್ರಿ ಬಿರುಗಾಳಿಯಲ್ಲಿ ಹೊತ್ತಿದ ಬೆಂಕಿ ಆ ಮರದ ಊರನ್ನು ನುಂಗಿ ಹಾಕಿತು. ಸುಮಾರು 850 ಮನೆಗಳು ಸುಟ್ಟು ಹತ್ತು ಸಾವಿರ ಜನ ಹಿಮದಲ್ಲಿ ನಿಂತರು. ಸತ್ತವರು ಒಬ್ಬರೇ ಎಂಬುದು ಆಶ್ಚರ್ಯ. ಆಮೇಲೆ ಕಲ್ಲು ಇಟ್ಟಿಗೆಗಳಿಂದ ಮೂರು ನಾಲ್ಕು ವರ್ಷಗಳಲ್ಲಿ ಊರನ್ನು ಮತ್ತೆ ಕಟ್ಟಿದರು. ಒಂದೇ ಕಾಲದಲ್ಲಿ ಒಂದೇ ಶೈಲಿಯಲ್ಲಿ ಎದ್ದ ಗೋಪುರ, ಬಳ್ಳಿ, ಹೂಗಳ ಕೆತ್ತನೆಯ ಆ ಮನೆಗಳನ್ನು ನೋಡಲು ಇಂದು ಹಡಗುಗಟ್ಟಲೆ ಜನ ಬರುತ್ತಾರೆ.

ಓಲೆಸುಂದ್‌ನಿಂದ ಒಳನಾಡಿನ ಕಡೆಗೆ ಗೈರಾಂಗರ್ ಫಿಯೋರ್ಡ್ ಇದೆ. ನೆಟ್ಟಗೆ ನಿಂತ ಬೆಟ್ಟ, ಬೆಟ್ಟದಿಂದ ಸಾಲಾಗಿ ಧುಮುಕುವ ‘ಏಳು ಸೋದರಿ’ಯರೆಂಬ ಜಲಪಾತ, ಕನ್ನಡಿಯಂತಹ ನೀರು. ಅದರ ತುದಿಯಲ್ಲಿರುವ ಹಳ್ಳಿಯಲ್ಲಿ ವರ್ಷವಿಡೀ ವಾಸಿಸುವವರು ಕೆಲವು ನೂರು ಜನ ಮಾತ್ರ. ಬೇಸಗೆಯಲ್ಲಿ ದೊಡ್ಡ ವಿಹಾರನೌಕೆ ಒಂದು ಬಂದು ನಿಂತರೆ ಊರಿನ ಜನಸಂಖ್ಯೆಯ ಹತ್ತುಪಟ್ಟು ಜನ ಒಂದೇ ಬೆಳಿಗ್ಗೆ ದಡಕ್ಕೆ ಇಳಿಯುತ್ತಾರೆ. ಅವರಿಂದ ಅಂಗಡಿಯವರಿಗೆ ಸಂಪಾದನೆಯಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರ ಊಟ, ನಿದ್ರೆ, ಮನರಂಜನೆ ಎಲ್ಲವೂ ಹಡಗಿನಲ್ಲೇ. ಸಂಜೆ ಹಡಗು ಹೊರಟ ಮೇಲೆ ಗಾಳಿಯಾಡದ ಆ ಬೆಟ್ಟಗಳ ಸಂದಿಯಲ್ಲಿ ಹೊಗೆ ನೀಲಿಯಾಗಿ ತಂಗುತ್ತಿತ್ತು. ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಫಿಯೋರ್ಡುಗಳಿಗೆ ಹೊಗೆಯುಗುಳುವ ಹಡಗುಗಳು ಬರಕೂಡದೆಂದು 2018ರಲ್ಲಿ ನಾರ್ವೆಯ ಸಂಸತ್ತು ತೀರ್ಮಾನಿಸಿತು. ಸಣ್ಣ ಪ್ರಯಾಣಿಕ ಹಡಗುಗಳಿಗೆ 2026ರಿಂದಲೂ ದೊಡ್ಡವಕ್ಕೆ 2032ರಿಂದಲೂ ಎಂದು ನಿಯಮ ಗೊತ್ತಾಯಿತು. ಕರಾವಳಿ ಸೇವೆಯ ಹೊಸ ಹಡಗುಗಳಲ್ಲಿ ಕೆಲವು ದೊಡ್ಡ ಬ್ಯಾಟರಿಗಳನ್ನು ಹೊತ್ತು, ಯಂತ್ರವನ್ನು ನಿಲ್ಲಿಸಿ, ಕೆಲವು ಗಂಟೆಗಳ ಕಾಲ ಸದ್ದಿಲ್ಲದೆ ಇಂತಹ ನೀರಿನಲ್ಲಿ ಚಲಿಸಬಲ್ಲವು.

ಟ್ರೊಂಡ್‌ಹೈಮ್ ಹಿಂದಿನ ರಾಜಧಾನಿ. 1030ರಲ್ಲಿ ಯುದ್ಧದಲ್ಲಿ ಮಡಿದ ಓಲಾವ್ ಎಂಬ ಅರಸನನ್ನು ಜನ ಸಂತನೆಂದು ಪೂಜಿಸಿ ಅವನ ಸಮಾಧಿಯ ಮೇಲೆ ಕಟ್ಟಿದ ಮಹಾದೇವಾಲಯ ಅಲ್ಲಿದೆ. ಅಲ್ಲಿಂದ ಮುಂದೆ ಹಡಗು ಉತ್ತರ ಧ್ರುವವೃತ್ತವನ್ನು ದಾಟುತ್ತದೆ. ಸಣ್ಣ ಬಂಡೆಯೊಂದರ ಮೇಲೆ ನಿಲ್ಲಿಸಿರುವ ಗೋಳವೊಂದು ಅದರ ಗುರುತು. ಮೊದಲ ಸಲ ಆ ವೃತ್ತವನ್ನು ದಾಟುವವರ ಕೊರಳಪಟ್ಟಿಯೊಳಕ್ಕೆ ನಾವಿಕರು ಮಂಜುಗಡ್ಡೆಯ ನೀರನ್ನು ಸೌಟಿನಿಂದ ಸುರಿಯುತ್ತಾರೆ. ಯಾರನ್ನೂ ಬಲವಂತಪಡಿಸುವುದಿಲ್ಲ, ಸುರಿಸಿಕೊಂಡು ಕಿರಿಚಲು ಸಾಲುಗಟ್ಟಿ ನಿಲ್ಲುವವರಿಗೇನೂ ಕೊರತೆಯಿಲ್ಲ.

ಮುಂದಿನದು ಲೊಫೋಟೆನ್ ದ್ವೀಪಸಮೂಹ. ಕಡಲಿನಿಂದ ಗರಗಸದ ಹಲ್ಲುಗಳಂತೆ ಎದ್ದ ಬೆಟ್ಟಗಳ ಕೆಳಗೆ ಕೆಂಪು ಬಣ್ಣದ ಬೆಸ್ತರ ಗುಡಿಸಲುಗಳು ನೀರಿನ ಮೇಲೆ ಕಂಬಗಳ ಆಧಾರದಿಂದ ನಿಂತಿವೆ. ಈ ಅಕ್ಷಾಂಶದಲ್ಲಿ ಬೇರೆಡೆ ಕಡಲು ಹೆಪ್ಪುಗಟ್ಟುತ್ತದೆ. ಆದರೆ ಅಟ್ಲಾಂಟಿಕ್ಕಿನ ಬೆಚ್ಚನೆಯ ಪ್ರವಾಹವೊಂದು ನಾರ್ವೆಯ ತೀರವನ್ನು ಸವರಿಕೊಂಡು ಹೋಗುವುದರಿಂದ ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದಿಂದ ಕಾಡ್ ಮೀನುಗಳು ಮೊಟ್ಟೆಯಿಡಲು ದಂಡುಕಟ್ಟಿ ಇಲ್ಲಿಗೆ ಬರುತ್ತವೆ. ಅವುಗಳ ಬೆನ್ನಿಗೇ ಸುತ್ತಲ ತೀರದ ಬೆಸ್ತರೂ ಬರುತ್ತಾರೆ. ಸಾವಿರ ವರ್ಷಗಳಿಂದ ಈ ಕ್ರಮ ತಪ್ಪಿಲ್ಲ.

ಹಿಡಿದ ಮೀನನ್ನು ಏನು ಮಾಡುವುದು? ನಮ್ಮ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಚ್ಚಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಲೊಫೋಟೆನ್‌ನಲ್ಲಿ ಆ ಬಿಸಿಲೆಲ್ಲಿ ಬಂತು? ಅಲ್ಲಿ ಮೀನಿನ ತಲೆ ಕತ್ತರಿಸಿ, ಕರುಳು ತೆಗೆದು, ಎರಡೆರಡನ್ನು ಬಾಲದಲ್ಲಿ ಜೋಡಿಸಿ ಕಟ್ಟಿ, ಎತ್ತರವಾದ ಮರದ ಅಟ್ಟಣೆಗಳ ಮೇಲೆ ನೇತುಹಾಕುತ್ತಾರೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೀಸುವ ಕಡಲಗಾಳಿ ಉಳಿದ ಕೆಲಸವನ್ನು ಮಾಡುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ನಮಗೆ ಒಂದು ಹರಳು ಉಪ್ಪೂ ತಾಗದ ಒಣಮೀನು ವಿಚಿತ್ರವಾಗಿ ತೋರೀತು. ಗುಟ್ಟಿರುವುದು ಹವೆಯಲ್ಲಿ. ಆ ತಿಂಗಳುಗಳಲ್ಲಿ ಅಲ್ಲಿಯ ಶಾಖ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಇನ್ನೂ ತಣ್ಣಗಾದರೆ ಮೀನಿನ ಮಾಂಸ ಹೆಪ್ಪುಗಟ್ಟಿ ಬಿರಿಯುತ್ತದೆ. ಇನ್ನೂ ಬೆಚ್ಚಗಾದರೆ ಕೊಳೆಯುತ್ತದೆ, ನೊಣ ಮುತ್ತುತ್ತದೆ. ಈ ಎರಡರ ನಡುವಣ ಕಿರುದಾರಿಯಲ್ಲಿ ಐದು ಸೇರಿನ ಮೀನು ಒಂದು ಸೇರಿಗೆ ಇಳಿದು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದನ್ನು ವರ್ಷಗಟ್ಟಲೆ ಇಡಬಹುದು. ಇಳಿಸಿದ ಮೀನನ್ನು ನುರಿತ ಪರೀಕ್ಷಕನೊಬ್ಬ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಮೂಗಿನಿಂದ ಮೂಸಿ ಸುಮಾರು ಇಪ್ಪತ್ತು ದರ್ಜೆಗಳಾಗಿ ವಿಂಗಡಿಸುತ್ತಾನೆ. ಮೀನಿನ ನಾಲಗೆಯನ್ನು ಕತ್ತರಿಸಿ ಮಾರುವುದು ಅಲ್ಲಿಯ ಮಕ್ಕಳ ಹಕ್ಕು. ಶಾಲೆ ಬಿಟ್ಟೊಡನೆ ಚೂರಿ ಹಿಡಿದು ಹಡಗುಕಟ್ಟೆಗೆ ಓಡುವ ಹುಡುಗ ಹುಡುಗಿಯರು ಈ ಕೆಲಸದಿಂದ ಕೈತುಂಬ ಸಂಪಾದಿಸುತ್ತಾರೆ.

ಈ ಒಣಮೀನು ಮಾಡಿದಷ್ಟು ಕಡಲಯಾನವನ್ನು ಯಾವ ಪ್ರವಾಸಿಯೂ ಮಾಡಿರಲಾರ. 1431ರಲ್ಲಿ ಪಿಯೆತ್ರೊ ಕ್ವೆರಿನಿ ಎಂಬ ವೆನಿಸ್ ನಗರದ ವರ್ತಕ ಕ್ರೀಟ್ ದ್ವೀಪದಿಂದ ಹಡಗಿನಲ್ಲಿ ಸರಕು ತುಂಬಿಕೊಂಡು ಫ್ಲಾಂಡರ್ಸ್ ಕಡೆಗೆ ಹೊರಟ. ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯಿತು. ಸಣ್ಣ ದೋಣಿಯೊಂದರಲ್ಲಿ ವಾರಗಟ್ಟಲೆ ತೇಲಿ, ಜೊತೆಯವರಲ್ಲಿ ಬಹುಮಂದಿಯನ್ನು ಕಳೆದುಕೊಂಡು, 1432ರ ಜನವರಿಯಲ್ಲಿ ಲೊಫೋಟೆನ್‌ನ ತುದಿಯ ರೋಸ್ಟ್ ದ್ವೀಪದ ಹತ್ತಿರ ದಡ ಸೇರಿದ. ಅಲ್ಲಿಯ ಬೆಸ್ತರು ಆ ಅಪರಿಚಿತರನ್ನು ಮನೆಗೆ ಕರೆದೊಯ್ದು ತಿಂಗಳುಗಟ್ಟಲೆ ಸಾಕಿದರು. ಗಾಳಿಯಲ್ಲಿ ಒಣಗಿಸಿದ ಮೀನನ್ನು ಕೊಡಲಿಯ ಹಿಂಬದಿಯಿಂದ ಬಡಿದು ನಾರುನಾರಾಗಿಸಿ ಬೆಣ್ಣೆ ಕಲಸಿ ಅವರು ತಿನ್ನುವ ರೀತಿಯನ್ನು ಕ್ವೆರಿನಿ ಊರಿಗೆ ಮರಳಿದ ಮೇಲೆ ಬರೆದಿಟ್ಟ. ಆ ಜನರ ಪ್ರಾಮಾಣಿಕತೆಯನ್ನೂ ಕೊಂಡಾಡಿದ. ಇಂದು ಲೊಫೋಟೆನ್ ಒಣಮೀನಿನ ಉತ್ತಮ ದರ್ಜೆಗಳು ಹೋಗುವುದು ಇಟಲಿಗೆ. ವಿಚೆಂಜ ಪಟ್ಟಣದ ಕಡೆ ಅದನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಈರುಳ್ಳಿ, ಎಣ್ಣೆ, ಹಾಲುಗಳೊಡನೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೊಡನೆ ಬಡಿಸುತ್ತಾರೆ. ಮುದ್ದೆಯೆಂದರೆ ಏನೆಂದು ನಮ್ಮವರಿಗೆ ಬೇರೆ ಹೇಳಬೇಕಾದುದಿಲ್ಲ. ಕತ್ತರಿಸಿ ಬೇರೆಯಾಗಿ ಒಣಗಿಸಿದ ತಲೆಗಳು ನೈಜೀರಿಯಕ್ಕೆ ಹೋಗುತ್ತವೆ. 1967ರಿಂದ 1970ರವರೆಗೆ ನಡೆದ ಬಯಾಫ್ರ ಯುದ್ಧದಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗೆ ನಾರ್ವೆಯ ಒಣಮೀನನ್ನು ಕಳುಹಿಸಿದರು; ಶೀತಪೆಟ್ಟಿಗೆ ಬೇಡದ, ಕೆಡದ, ಬಲಕೊಡುವ ಆಹಾರ ಅದಾಗಿತ್ತು. ಆ ಹಿಂದೆಯೇ ಅಲ್ಲಿಗೆ ಪರಿಚಿತವಾಗಿದ್ದ ಮೀನು ಅಂದಿನಿಂದ ಇನ್ನೂ ಆಳವಾಗಿ ಅವರ ಅಡುಗೆಯಲ್ಲಿ ಬೇರುಬಿಟ್ಟಿತು. ಧ್ರುವದ ಗಾಳಿಯಲ್ಲಿ ಒಣಗಿದ ತಲೆ ಸಮಭಾಜಕ ವೃತ್ತದ ಸನಿಹದ ಸಾರಿನಲ್ಲಿ ಕುದಿಯುತ್ತದೆ.

ಹಡಗಿನ ಊಟದ ಮೇಜಿನ ಮೇಲೂ ಇಂತಹ ಕಥೆಗಳು ಬಂದು ಕೂರುತ್ತವೆ. ಕ್ರಿಸ್ತಿಯಾನ್‌ಸುಂದ್ ರೇವಿನ ‘ಬಕಲಾವ್’ ಎಂಬ ಪದಾರ್ಥಕ್ಕೆ ಉಪ್ಪು ಹಾಕಿ ಬಂಡೆಗಳ ಮೇಲೆ ಒಣಗಿಸಿದ ಕಾಡ್ ಬೇಕು. ಅದರ ಜೊತೆ ಬೇಯುವ ಟೊಮೆಟೊ, ಆಲಿವ್ ಎಣ್ಣೆಗಳು ಮೀನು ಕೊಳ್ಳಲು ಬರುತ್ತಿದ್ದ ಸ್ಪೇನ್ ಪೋರ್ಚುಗಲ್‌ಗಳ ನೆನಪು, ಹೆಸರೂ ಅವರದೇ. ಬೆಳಗಿನ ತಿಂಡಿಗೆ ಕಂದು ಬಣ್ಣದ ಸಿಹಿ ಚೀಸ್ ಇರುತ್ತದೆ. ಹಾಲು ಒಡೆದಾಗ ಉಳಿಯುವ ತಿಳಿನೀರನ್ನು ಚೆಲ್ಲದೆ, ಕೆನೆ ಸೇರಿಸಿ, ಕಂದು ಬಣ್ಣ ಬರುವವರೆಗೆ ಬತ್ತಿಸಿ ಮಾಡುವ ಪದಾರ್ಥ ಅದು. ಖೋವ ಕಾಯಿಸಿ ಬಲ್ಲವರಿಗೆ ಅದರ ರುಚಿ ತೀರ ಅಪರಿಚಿತವೆನಿಸದು. ಬಡನೆಲದ ಜನ ಏನನ್ನೂ ಚೆಲ್ಲುವುದಿಲ್ಲ ಎಂಬುದಕ್ಕೆ ಮೀನಿನ ತಲೆಯೊಂದು ಸಾಕ್ಷಿಯಾದರೆ ಈ ಚೀಸ್ ಇನ್ನೊಂದು.

ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಿನಲ್ಲಿ ಒಂದೆರಡು ಗಂಟೆ ನೀಲಿಯಾದ ಮಸುಕು ಬೆಳಕು, ಮತ್ತೆ ಇರುಳು. ಸುತ್ತಲ ಬೆಟ್ಟಗಳು ಅಡ್ಡವಿರುವುದರಿಂದ ಬಿಸಿಲು ಊರಿಗೆ ಬೀಳಲು ಜನವರಿ 21ರ ಸುಮಾರಾಗುತ್ತದೆ. ಅಂದು ಊರಿಗೆ ಹಬ್ಬ. ಮಕ್ಕಳು ಶಾಲೆಯ ಅಂಗಳದಲ್ಲಿ ಸೂರ್ಯನಿಗಾಗಿ ಕಾದು ನಿಲ್ಲುತ್ತಾರೆ. ‘ಸೂರ್ಯನ ಬನ್ನು’ ಎಂಬ, ಎಣ್ಣೆಯಲ್ಲಿ ಕರಿದ ದುಂಡನೆಯ ಸಿಹಿತಿಂಡಿಯನ್ನು ಹಂಚಿಕೊಂಡು ತಿನ್ನುತ್ತಾರೆ. ಬೇಸಗೆಯ ಎರಡು ತಿಂಗಳು ಮುಳುಗದ ಸೂರ್ಯನನ್ನು ನೋಡಲು ಬರುವ ಪ್ರವಾಸಿಗಳಿಗೆ ಈ ತಿಂಡಿಯ ರುಚಿ ತಿಳಿಯುವುದು ಕಷ್ಟ. ಅದನ್ನು ತಿಳಿಯಲು ಎರಡು ತಿಂಗಳ ಇರುಳು ಬೇಕು.

ಇಲ್ಲಿಂದ ಮುಂದೆ ಫಿನ್‌ಮಾರ್ಕ್ ಪ್ರಾಂತ. ಹಿಮಸಾರಂಗಗಳನ್ನು ಮೇಯಿಸುವ, ಫಿಯೋರ್ಡುಗಳಲ್ಲಿ ಮೀನು ಹಿಡಿಯುವ ಸಾಮಿ ಜನರ ಹಳೆಯ ನೆಲ ಇದು. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಶಾಲೆಗಳಲ್ಲಿ ಅವರ ಭಾಷೆಯನ್ನು ಅದುಮಿಡಲಾಯಿತು. 1989ರಲ್ಲಿ ಸಾಮಿ ಜನರ ಪ್ರತ್ಯೇಕ ಸಂಸತ್ತು ತೆರೆಯುವ ಹೊತ್ತಿಗೆ ಕರಾವಳಿಯ ಅನೇಕ ಸಾಮಿ ಮನೆಗಳಲ್ಲಿ ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಬಾರದಂತಾಗಿತ್ತು. ಫಿನ್‌ಮಾರ್ಕಿನ ರೇವುಗಳಲ್ಲಿ ಹಳೆಯ ಮನೆಗಳು ಕಾಣುವುದಿಲ್ಲ. ಎಲ್ಲವೂ ಒಂದೇ ವಯಸ್ಸಿನ ಸರಳವಾದ ಮರದ ಮನೆಗಳು. ಕಾರಣವನ್ನು ಕೇಳಿದವರಿಗೆ 1944ರ ಕಥೆ ಸಿಗುತ್ತದೆ. ರಷ್ಯದ ಸೈನ್ಯದೆದುರು ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ, ಬೆನ್ನಟ್ಟಿ ಬರುವವರಿಗೆ ತಂಗುವ ನೆಲೆಯೂ ಸಿಗಬಾರದೆಂದು ಇಡೀ ಪ್ರಾಂತವನ್ನು ಸುಟ್ಟುಹಾಕಿತು. ಸುಮಾರು ಐವತ್ತು ಸಾವಿರ ಜನರನ್ನು ಬಲವಂತದಿಂದ ದಕ್ಷಿಣಕ್ಕೆ ಸಾಗಿಸಲಾಯಿತು. ಹ್ಯಾಮರ್‌ಫೆಸ್ಟ್‌ನಲ್ಲಿ ಸುಡದೆ ಉಳಿದುದು ಸ್ಮಶಾನದ ಸಣ್ಣ ಪ್ರಾರ್ಥನಾ ಮಂದಿರವೊಂದೇ.

ಕರಾವಳಿ ಹಡಗುಗಳಿಗೂ ಆ ಯುದ್ಧ ರಿಯಾಯಿತಿ ತೋರಲಿಲ್ಲ. ನಾರ್ವೆ ಜರ್ಮನಿಯ ವಶದಲ್ಲಿದ್ದುದರಿಂದ ಮಿತ್ರರಾಷ್ಟ್ರಗಳ ಕಣ್ಣಿಗೆ ಅವೂ ಶತ್ರುವಿನ ಹಡಗುಗಳೇ. 1941ರ ಸೆಪ್ಟೆಂಬರ್‌ನಲ್ಲಿ ‘ರಿಚರ್ಡ್ ವಿತ್’ ಎಂದೇ ಹೆಸರು ಹೊತ್ತ ಹಡಗನ್ನು ಬ್ರಿಟಿಷ್ ಜಲಾಂತರ್ಗಾಮಿಯೊಂದು ಟಾರ್ಪೀಡೊ ಹೊಡೆದು ಮುಳುಗಿಸಿತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳು, ನಾಲ್ವತ್ತೆಂಟು ವರ್ಷಗಳ ಹಿಂದೆ ಮೊದಲ ಅಂಚೆಯನ್ನು ಹೊತ್ತು ಈ ದಾರಿಯನ್ನು ತೆರೆದಿದ್ದ ‘ವೆಸ್ಟೆರೋಲೆನ್’ ರಷ್ಯದ ಜಲಾಂತರ್ಗಾಮಿಯ ಪಾಲಾಯಿತು. 1944ರ ಫೆಬ್ರವರಿಯಲ್ಲಿ ‘ಇರ್ಮ’ ಎಂಬ ಹಡಗನ್ನು ಮುಳುಗಿಸಿದುವಂತೂ ಮಿತ್ರಪಕ್ಷದಲ್ಲಿದ್ದ ನಾರ್ವೆಯವೇ ಆದ ಟಾರ್ಪೀಡೊ ದೋಣಿಗಳು. ಇಷ್ಟಾದರೂ ಉಳಿದ ಹಡಗುಗಳೂ, ಅವು ಸಾಲದೆಡೆ ಬೆಸ್ತರ ದೋಣಿಗಳೂ ಸೇರಿ ಅಂಚೆಯನ್ನೂ ಜನರನ್ನೂ ಒಯ್ಯುತ್ತಲೇ ಇದ್ದುವು. ದಾರಿಯನ್ನು ಕೈಬಿಟ್ಟಿದ್ದರೆ ತೀರದ ಊರುಗಳು ಉಪವಾಸ ಬೀಳುತ್ತಿದ್ದುವು.

ಆರನೆಯ ಬೆಳಗನ್ನು ದಾಟಿ ಹಡಗು ಕಿರ್ಕೆನೆಸ್ ತಲುಪುತ್ತದೆ. ಕಬ್ಬಿಣದ ಅದಿರಿನ ಊರು. ಬೀದಿಯ ಹೆಸರುಗಳನ್ನು ನಾರ್ವೆಯ ಭಾಷೆಯಲ್ಲಿಯೂ ರಷ್ಯನ್ ಭಾಷೆಯಲ್ಲಿಯೂ ಬರೆಯಲಾಗಿದೆ. 1944ರ ಅಕ್ಟೋಬರ್‌ನಲ್ಲಿ ಸುಮಾರು ಮೂರು ಸಾವಿರ ಜನ ಇದರ ಬಳಿಯ ಗಣಿಯ ಸುರಂಗದಲ್ಲಿ ಅಡಗಿ ಬದುಕಿದರು. ಆ ಸುರಂಗದೊಳಗೆ ಹತ್ತು ಮಕ್ಕಳು ಹುಟ್ಟಿದುವು. ಕೆಲವು ಗಂಟೆಗಳ ತಂಗುವಿಕೆಯ ಮೇಲೆ ಹಡಗು ಇಲ್ಲಿಂದ ಹಿಂದಿರುಗುತ್ತದೆ. ಮರಳುವ ದಾರಿಯಲ್ಲಿ ವಾರ್ಡೊ ಎಂಬ ದ್ವೀಪದಲ್ಲಿ ಒಂದು ಗಂಟೆ ನಿಲ್ಲುವುದುಂಟು. ಹದಿನೇಳನೆಯ ಶತಮಾನದಲ್ಲಿ ಮಾಟ ಮಾಡಿದರೆಂಬ ಆರೋಪದ ಮೇಲೆ ಫಿನ್‌ಮಾರ್ಕಿನಲ್ಲಿ 91 ಜನರನ್ನು ಕೊಂದರು. ಹೆಚ್ಚಿನವರು ಹೆಂಗಸರು, ಬೆಸ್ತರ ಮನೆಯವರು. ಬಿರುಗಾಳಿಗೆ ದೋಣಿ ಮುಳುಗಿದರೆ ಯಾವಳೋ ಮಾಟಗಾತಿ ಗಾಳಿಯನ್ನು ಎಬ್ಬಿಸಿದಳೆಂದು ನಂಬುವ ಕಾಲ ಅದು. 2011ರಲ್ಲಿ ಅವರ ನೆನಪಿಗಾಗಿ ಕಡಲಂಚಿನಲ್ಲಿ ಉದ್ದನೆಯ, ಇಕ್ಕಟ್ಟಾದ ಒಂದು ಮಂಟಪವನ್ನು ನಿರ್ಮಿಸಿದರು. ಅದರ ನೋಟವೇ ಮೀನು ಒಣಗಿಸುವ ಅಟ್ಟಣೆಯದು. ಒಳಗೆ 91 ಕಿರುಗಿಂಡಿಗಳು, ಪ್ರತಿಯೊಂದರಲ್ಲಿ ಒಂದು ದೀಪ. ಪಕ್ಕದಲ್ಲಿ ಸತ್ತವರ ಹೆಸರು ಮತ್ತು ಅವರ ಮೇಲೆ ಹೊರಿಸಿದ ತಪ್ಪು. ರೇವಿನಿಂದ ಅಲ್ಲಿಗೆ ನಡೆದು ಹೋಗಿ ಬರಲು ಕಾಲ ಸಾಲುವುದೇ ಕಷ್ಟ. ಹೋದವರು ಮೆಲ್ಲನೆ ಹೆಜ್ಜೆಯಿಟ್ಟು ಹೊರಬರುತ್ತಾರೆ, ಆಮೇಲೆ ಹಡಗಿನ ಕೂಗು ಕೇಳಿ ಓಡುತ್ತಾರೆ.

2011ರ ಜೂನ್ ತಿಂಗಳಲ್ಲಿ ನಾರ್ವೆಯ ದೂರದರ್ಶನ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗಿನ ಈ ಯಾನವನ್ನು ಒಂದು ಕ್ಷಣವನ್ನೂ ಬಿಡದೆ 134 ಗಂಟೆಗಳ ಕಾಲ ನೇರವಾಗಿ ಪ್ರಸಾರ ಮಾಡಿತು. ಕಡಲು, ಬೆಟ್ಟ, ಹಕ್ಕಿ, ರೇವು; ಬೇರೆ ಏನೂ ಇಲ್ಲ. ಯಾರು ನೋಡಿಯಾರು ಎಂದು ಕೇಳಬಹುದು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಹೊತ್ತಿನಲ್ಲಿ ಅದನ್ನು ನೋಡಿದರು. ಹಡಗು ಹಾದುಹೋಗುವ ಊರುಗಳವರು ಹಗಲಿರುಳೆನ್ನದೆ ದಡಕ್ಕೆ ಬಂದು ಬಾವುಟ ಬೀಸಿದರು. ದೋಣಿಗಳಲ್ಲಿ ಬಂದು ಜೊತೆಗೂಡಿದರು. ತಮ್ಮೂರಿನ ರೇವು ದೇಶಕ್ಕೆಲ್ಲ ಕಾಣುವ ಕಾಲುಗಂಟೆಗಾಗಿ ಅವರು ಕಾದಿದ್ದರು.

ಹೋಗುವಾಗ ರಾತ್ರಿಯಲ್ಲಿ ದಾಟಿದ ರೇವುಗಳು ಬರುವಾಗ ಹಗಲಿನಲ್ಲಿ ಸಿಕ್ಕುವಂತೆ ಹಡಗಿನ ವೇಳಾಪಟ್ಟಿಯನ್ನು ಹೊಂದಿಸಿದ್ದಾರೆ. ರಿಚರ್ಡ್ ವಿತ್‌ನ ಸ್ಟೋಕ್‌ಮಾರ್ಕ್‌ನೆಸ್ ಅಂತಹ ಊರುಗಳಲ್ಲೊಂದು. ಅಲ್ಲಿಯ ವಸ್ತುಸಂಗ್ರಹಾಲಯದ ಗಾಜಿನ ಮಹಲಿನೊಳಗೆ 1956ರಲ್ಲಿ ಕಟ್ಟಿದ ‘ಫಿನ್‌ಮಾರ್ಕೆನ್’ ಎಂಬ ಹಳೆಯ ಹಡಗನ್ನು ಇಡಿಯಾಗಿ ಇಟ್ಟಿದ್ದಾರೆ. ಹೊಸ ಹಡಗಿನಿಂದ ಇಳಿದವರು ಹಳೆಯ ಹಡಗನ್ನು ನೋಡಿ ಮತ್ತೆ ಹತ್ತುತ್ತಾರೆ. ಹನ್ನೆರಡನೆಯ ದಿನ ಮಧ್ಯಾಹ್ನ ಹಡಗು ಬರ್ಗೆನ್ ಮುಟ್ಟುತ್ತದೆ. ಜನ ಇಳಿಯುತ್ತಾರೆ, ಸರಕು ಇಳಿಯುತ್ತದೆ, ಕೋಣೆಗಳನ್ನು ಗುಡಿಸುತ್ತಾರೆ. ಅದೇ ಸಂಜೆ ಅದೇ ಹಡಗು ಉತ್ತರದ ಸರಕನ್ನು ತುಂಬಿಕೊಂಡು ಮತ್ತೆ ಹೊರಡುತ್ತದೆ.